ಮಳವಳ್ಳಿಗೆ ಹೋಗುವ ರೆಕಾರ್ಡು

"ಮೇಷ್ಟ್ರು ಕೊಟ್ರಾ?" ಎಂದು ಕೇಳಿದ ಕಂಡಕ್ಟರ್ ಕೆಂಪಯ್ಯ.

"ಹೂಂ, ಅವರದೇ," ಎಂದರು ಪಂಕಜಮ್ಮ.

ಕೆಂಪಯ್ಯ ಅವರ ಬೋಳು ಹಣೆಯನ್ನು ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಗ್ರಾಮಫೋನ್ ರೆಕಾರ್ಡನ್ನು ತನ್ನ ಟವಲ್ಲಿನಲ್ಲಿ ಸುತ್ತಿ ಡ್ರೈವರ್ ಸೀಟಿನ ಹಿಂದೆ ನಿಲ್ಲಿಸಿದ.

"ಮಳವಳ್ಳೀಲಿ ಏನೂ ಹೇಳಬೇಡ ಕೆಂಪಯ್ಯ."

"ನಾನ್ಯಾಕೆ ಏಳ್ಲಿ ಅಮ್ಮಾವ್ರೆ? ಏಳೋನಾಗಿದ್ರೆ ಯಾವತ್ತೋ ಏಳ್ತಿದ್ದೆ."

ಬಸ್ಸು ಮದ್ದೂರಿನ ಮೇಲೆ ಮಳವಳ್ಳಿಗೆ ಹೊರಟಿತು. ಪಂಕಜಮ್ಮ ಮನೆಗೆ ಬಂದು ಅಕ್ಕಿ ಆರಿಸಲು ಕುಳಿತರು.

ಪಾರ್ಥಸಾರಥಿ ಮೇಷ್ಟ್ರು ಮಂಡ್ಯದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕಲ್ಕತ್ತೆಯಲ್ಲಿ ಓದುವಾಗ ಅಂಟಿಕೊಂಡ ಜಾಜ್ ಸಂಗೀತದ ಗೀಳು ಬಿಟ್ಟುಹೋಗಲೇ ಇಲ್ಲ. ಮಂಡ್ಯದಲ್ಲಿ ಅದನ್ನು ಕೇಳುವ ಇನ್ನೊಂದು ಜೀವವಿರಲಿಲ್ಲ. ಮಳವಳ್ಳಿಯಲ್ಲಿ ಒಬ್ಬನಿದ್ದ: ಮಿಲಿಟರಿಯಿಂದ ಮರಳಿ ಗದ್ದೆ ಮಾಡಿಕೊಂಡಿದ್ದ ಶಿವಣ್ಣ. ರೇಡಿಯೋ ರಿಪೇರಿ ಅಂಗಡಿಗೆ ಇಬ್ಬರೂ ಒಂದೇ ದಿನ ಪ್ಲೇಯರಿನ ಮುಳ್ಳು ಕೇಳಿಕೊಂಡು ಹೋಗಿದ್ದರು, ಅಲ್ಲಿ ಶುರುವಾದದ್ದು. ಭಾನುವಾರ ಬೆಳಗ್ಗೆ ಇಲ್ಲಿಂದ ಒಂದು ರೆಕಾರ್ಡು ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ಅಲ್ಲಿಂದ ಒಂದು ಬರುವುದು. ಯಾವುದು ಯಾರದೆಂಬುದು ಇಬ್ಬರಿಗೂ ಮರೆತುಹೋಗಿತ್ತು.

ಬಸ್ ಸ್ಟ್ಯಾಂಡಿನಿಂದ ಬಂದವರೇ ಮೇಷ್ಟ್ರು ಹೆಂಡತಿಗೆ ಸುದ್ದಿ ಒಪ್ಪಿಸುತ್ತಿದ್ದರು. "ಹೋದ ವಾರದ್ದರಲ್ಲಿ ಸ್ಯಾಕ್ಸೊಫೋನ್ ನನ್ನನ್ನ ಅಳಿಸಿಬಿಡ್ತು ಅಂತಾನೆ ಶಿವಣ್ಣ." "ಈ ಸಲ ಡ್ರಮ್ಮು ಜಾಸ್ತಿಯಾಯ್ತು ಅಂತಾನೆ." ಕಾಗದವಿಲ್ಲ, ಫೋನಿಲ್ಲ. ಅವರಿಗೆ ಹೇಗೆ ತಿಳಿಯಿತೆಂದು ಪಂಕಜಮ್ಮ ಕೇಳಿದವರಲ್ಲ. ಕಂಡಕ್ಟರ್ ಹೇಳಿರಬೇಕು ಅಂದುಕೊಳ್ಳುತ್ತಿದ್ದರು. ಆ ಸಂಗೀತವೆಂದರೆ ಅವರ ಕಿವಿಗೆ ಅಟ್ಟದ ಮೇಲಿಂದ ಪಾತ್ರೆಗಳು ಉರುಳಿದ ಹಾಗೆ. ಒಲೆಯ ಮುಂದಿನಿಂದಲೇ "ಹೌದಾ" ಅನ್ನುತ್ತಿದ್ದರು.

ಮೊದಲೆಲ್ಲ ಮೇಷ್ಟ್ರು ಆಗೊಮ್ಮೆ ಈಗೊಮ್ಮೆ ತಾವೇ ಮಳವಳ್ಳಿಗೆ ಹೋಗಿಬರುವುದಿತ್ತು. ನಾಲ್ಕು ವರ್ಷದ ಹಿಂದೆ ಕೊನೆಯ ಸಲ ಹೋದವರು ಒದ್ದೆ ಪಂಚೆಯಲ್ಲಿ ಬಂದರು. "ಮುತ್ತತ್ತಿಗೆ ಹೋಗಿದ್ವಿ, ಹೊಳೇಲಿ ಮುಳುಗಿ ಬಂದೆ," ಎಂದು ಹೇಳಿ ಊಟ ಮಾಡದೆ ಮಲಗಿದರು. ಮಾರನೆಯ ದಿನ ಇನ್ನೊಂದು ಮಾತು ಹೇಳಿದರು: "ಶಿವಣ್ಣನಿಗೆ ಎದೆನೋವು. ಮಾತಾಡಿಸಿ ಆಯಾಸ ಮಾಡಬಾರದು. ಇನ್ನು ನಾನು ಹೋಗೋದಿಲ್ಲ." ರೆಕಾರ್ಡುಗಳು ಮಾತ್ರ ಹೋಗಿಬರುತ್ತಲೇ ಇದ್ದವು.

ಈ ವರ್ಷ ಯುಗಾದಿಗೆ ಮೊದಲು, ರೆಕಾರ್ಡು ತಿರುಗುತ್ತಿರುವಾಗಲೇ ಕುರ್ಚಿಯಲ್ಲಿ ಮೇಷ್ಟ್ರ ತಲೆ ವಾಲಿತು. ಪಂಕಜಮ್ಮ ಮುಳ್ಳನ್ನು ಎತ್ತಿಟ್ಟರು, ಪ್ಲೇಯರಿನ ಮುಚ್ಚಳ ಹಾಕಿದರು, ಆಮೇಲೆ ಪಕ್ಕದ ಮನೆಯ ಆಂಡಾಳನ್ನು ಕೂಗಿದರು. ಅಳು ಬರಲಿಲ್ಲ. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೂ ಬರಲಿಲ್ಲ. ಉಪ್ಪು ಹಾಕಿದರೂ ಹಾಕದಿದ್ದರೂ ಸಾರು ಒಂದೇ ಆಗಿತ್ತು. ಭಾನುವಾರ ಬಂದಾಗ ಮಳವಳ್ಳಿಯ ಎದೆನೋವಿನ ಮನುಷ್ಯ ನೆನಪಾದ. ಈ ಸುದ್ದಿ ಅವನು ತಡೆದಾನೆಯೇ? ಕೈಗೆ ಸಿಕ್ಕ ರೆಕಾರ್ಡನ್ನು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಸಂಜೆ ಅಲ್ಲಿಂದ ಒಂದು ಬಂತು. ಅದೇ ರೂಢಿಯಾಯಿತು.

ಈ ವಾರ ರೂಢಿ ತಪ್ಪಿತು. ಸೋಮವಾರ ಧೂಳು ಹೊಡೆಯುತ್ತ ಪ್ಲೇಯರಿನ ಮುಚ್ಚಳ ತೆಗೆದರೆ, ಮೇಷ್ಟ್ರು ಕೊನೆಯಲ್ಲಿ ಕೇಳಿದ ರೆಕಾರ್ಡು ಅಲ್ಲೇ ಇತ್ತು. ನಿನ್ನೆ ಮಳವಳ್ಳಿಗೆ ಹೋದದ್ದು ಅದರ ಬರಿಯ ಕವರು!

ಆದರೂ ನಿನ್ನೆ ಸಂಜೆ ಅಲ್ಲಿಂದ ಎಂದಿನಂತೆ ಒಂದು ಬಂದಿತ್ತು. ಒಳಗೇನೂ ಇಲ್ಲವಲ್ಲ ಎಂದು ಶಿವಣ್ಣ ಕೆಂಪಯ್ಯನ ಹತ್ತಿರ ಕೇಳಿ ಕಳಿಸಿರಲಿಲ್ಲ. ಸ್ಯಾಕ್ಸೊಫೋನಿಗೆ ಅಳುವ ಮನುಷ್ಯ ಖಾಲಿ ಕವರು ಕಂಡು ಸುಮ್ಮನಿರುವನೇ? ಅವನಿಗೆ ಎಲ್ಲ ತಿಳಿದಿದೆ. ನನ್ನ ಮರ್ಯಾದೆ ಕಾಯಲು ಸುಮ್ಮನಿದ್ದಾನೆ, ಎಂದುಕೊಂಡರು ಪಂಕಜಮ್ಮ.

ಮುಂದಿನ ಭಾನುವಾರ ಪಂಕಜಮ್ಮ ತಾವೇ ಬಸ್ಸು ಹತ್ತಿದರು.

"ಶಿವಣ್ಣನವರು ಮನೇಲಿರ್ತಾರಲ್ಲ?"

ಕೆಂಪಯ್ಯ ಟಿಕೆಟ್ಟು ಹರಿದು ಕೊಟ್ಟ. "ಮನೇಲಿ ಜನ ಅವ್ರೆ ಅಮ್ಮಾವ್ರೆ. ಓಗಿ, ನಾನೇ ಬೀದಿ ತೋರುಸ್ತೀನಿ."

ಬಾಗಿಲು ತೆಗೆದ ಹೆಂಗಸಿಗೆ ತಲೆ ನರೆತಿತ್ತು. ಹಣೆ, ಕೈ ಬೋಳು. ಶಿವಣ್ಣನ ಅಕ್ಕ ಇರಬೇಕು ಎಂದುಕೊಂಡರು ಪಂಕಜಮ್ಮ. ತಾನು ಮಂಡ್ಯದ ಮೇಷ್ಟ್ರ ಹೆಂಡತಿ ಎಂದದ್ದೇ ತಡ, ಆಕೆ ಚಾಪೆ ಹಾಸಿ ನೀರು ತಂದಿಟ್ಟಳು. ಅವಳ ಕಣ್ಣು ಪಂಕಜಮ್ಮನ ಹಣೆಯ ಮೇಲೇ ಇತ್ತು.

"ಶಿವಣ್ಣನವರಿಗೆ ನಿಧಾನವಾಗಿ ತಿಳಿಸಿ," ಎಂದರು ಪಂಕಜಮ್ಮ. "ನಮ್ಮನೆಯವರು ಯುಗಾದಿಗೆ ಮೊದಲೇ ಹೋಗಿಬಿಟ್ರು. ಆಮೇಲೆ ರೆಕಾರ್ಡು ಕಳಿಸ್ತಿದ್ದವಳು ನಾನು. ಅವರ ಎದೆ ಸರಿಯಿಲ್ಲ ಅಂತ ಮುಚ್ಚಿಟ್ಟೆ."

ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಗುರುತಿಲ್ಲದವಳೊಬ್ಬಳು ತನ್ನ ಗಂಡನಿಗಾಗಿ ಅಳುವುದನ್ನು ಪಂಕಜಮ್ಮ ಬಸ್ಸಿಗೆ ಕಾಯುವವರ ಹಾಗೆ ನೋಡುತ್ತ ಕುಳಿತರು.

"ಇಲ್ಲಿಂದ ಕಳುಸ್ತಿದ್ದೋಳೂ ನಾನೇ ಕಣಮ್ಮ," ಎಂದಳು ಆಕೆ ಕೊನೆಗೆ. "ಶಿವಣ್ಣನ ಎಂಡ್ತಿ, ಮಲ್ಲಿಗಮ್ಮ. ಆ ಪ್ಲೇಟು ಆಕಾಕೂ ಬರಾಕಿಲ್ಲ ನಂಗೆ. ಬಂದುದ್ನ ಅಂಗೇ ಎತ್ತಿಕ್ತಿದ್ದೆ."

"ಮತ್ತೆ ಶಿವಣ್ಣನವರು?"

"ತೀರ್ಕಂಡು ನಾಕು ವರ್ಸ ಆಯ್ತು."

ಪಂಕಜಮ್ಮ ತಲೆಯಾಡಿಸಿದರು. "ಇರಲಾರದು. ನಮ್ಮನೆಯವರಿಗೆ ಗೊತ್ತೇ ಇರಲಿಲ್ಲ. ತಾವು ಹೋಗೋ ಹಿಂದಿನ ವಾರ ಕೂಡ ಶಿವಣ್ಣ ಹೀಗಂದ, ಶಿವಣ್ಣ ಹಾಗಂದ ಅಂತಿದ್ರು."

"ಗೊತ್ತಿಲ್ದೆ ಏನವ್ವ? ಎಣಕ್ಕೆ ಎಗಲು ಕೊಟ್ಟೋರೇ ಮೇಷ್ಟ್ರು," ಎಂದಳು ಮಲ್ಲಿಗಮ್ಮ. "ಆದ್ರೂ ಮುಂದ್ಲ ಬಾನುವಾರ ಎಂದಿನಂಗೆ ಪ್ಲೇಟು ಕಳುಸುದ್ರು, ಇಲ್ಲ ಅನ್ನಾಕೆ ಮನಸ್ಸು ಬರ್ನಿಲ್ಲ, ನಾನೂ ಒಂದ ಕಳುಸ್ದೆ."