ಅವ್ವನ ನಲವತ್ತು ಪುಟ, ನನ್ನ ರಬ್ಬರ್

ಹೊಸ ರಬ್ಬರಿನ ಸಿಹಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅವ್ವನ ನಲವತ್ತು ಪುಟ ನೆನಪಾಗುತ್ತದೆ.

ನನ್ನ ಚಿಕ್ಕಂದಿನಲ್ಲಿ, ತಿಕೋಟಾದ ಒಣದ್ರಾಕ್ಷಿಯ ಮೇಲೆ ಅವ್ವ ಬರೆದ ನಲವತ್ತು ಪುಟದ ಪ್ರಬಂಧ ನಮ್ಮ ತೊರವಿಯ ಮನೆಯ ಕಂಪ್ಯೂಟರಿನಲ್ಲಿತ್ತು. ಮರುದಿನವೇ ಅದನ್ನು ಕಾಲೇಜಿಗೆ ಕೊಡಬೇಕಿತ್ತು. ಕಂಪ್ಯೂಟರ್ ಚುರುಕಾಗಲೆಂದು ಕಾಕಾ ಅದಕ್ಕೆ ಹೊಸ ರ‍್ಯಾಮ್ ಎಂಬ ನೆನಪಿನ ಪಟ್ಟಿ ಕೂಡಿಸಿದ. ಪರದೆ ಕಪ್ಪಾಗಿ, ಡಬ್ಬಿ ಬೀಪ್ ಬೀಪ್ ಎಂದು ಚೀರತೊಡಗಿತು. ಹೊಸದನ್ನು ತೆಗೆದು ಹಳೆಯದನ್ನಷ್ಟೇ ಹಾಕಿದರೂ ಚೀರಾಟ ನಿಲ್ಲಲಿಲ್ಲ.

“ಚೊಲೋ ನಡ್ಯಾಕತ್ತಿತ್ತು. ಸುಮ್ನ ಕೈ ಹಚ್ಚಿ ಕೆಡಿಸಿದಿ ನೋಡು,” ಎಂದಳು ಅವ್ವ.

“ತಡೀರಿ ವೈನಿ.” ಕಾಕಾ ನನ್ನತ್ತ ಕೈಚಾಚಿದ. “ನಿನ್ನ ರಬ್ಬರ್ ತಾ ಬೇ. ಈ ಪಟ್ಟಿ ಪಿನ್ನಿಗೆ ಹೊಲಸು ಹತ್ತೈತಿ, ತಿಕ್ಕೂಣು.”

ರಬ್ಬರ್ ಬರೆದದ್ದನ್ನು ಅಳಿಸುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಮುಷ್ಟಿ ಬಿಗಿ ಹಿಡಿದೆ. “ಅವ್ವ ಬರದದ್ದು ಹೋಗ್ತೈತಿ!”

ಕಾಕಾ ನಕ್ಕ. ಅವ್ವನೇ ನನ್ನ ಬೆರಳು ಬಿಡಿಸಿ ರಬ್ಬರ್ ಕಿತ್ತುಕೊಟ್ಟಳು.

ಕಾಕಾ ಪಿನ್ನು ತಿಕ್ಕಿ ಪಟ್ಟಿ ಮತ್ತೆ ಕೂಡಿಸಿದ ಮೇಲೆ ಪರದೆ ಬೆಳಗಿತು. “ನೋಡು, ಎಲ್ಲಾ ಅದಾವ,” ಎಂದು ಅವ್ವ ಪುಟಗಳನ್ನು ಸರಸರನೆ ಸರಿಸಿ ತೋರಿಸಿದಳು. ನಾನು ಎರಡು ಸಲ ಎಣಿಸಿದೆ. ಒಮ್ಮೆ ನಲವತ್ತು ಬಂತು, ಒಮ್ಮೆ ಮೂವತ್ತೊಂಬತ್ತು. ಯಾವುದು ಮೊದಲು ಬಂತೆಂದು ಈಗ ಹೇಳಲಾರೆ. ಒಂದು ಪುಟ ಕಡಿಮೆ ಬಂದದ್ದನ್ನು ಅವ್ವನಿಗೆ ಆಗಲೂ ಹೇಳಲಿಲ್ಲ. ರಬ್ಬರ್ ನನ್ನದಾಗಿತ್ತು.