ಎಡಕ್ಕೆ ವಾಲಿದ ನಡಿಗೆ

ನಿವೃತ್ತ ಮೇಜರ್ ಮೂರನೇ ಸಲ ಎಡಕ್ಕೆ, ಮರದ ಸಾಲಿನತ್ತ ವಾಲಿದಾಗ ಟೀಚರಮ್ಮ ಹಲ್ಲು ಕಚ್ಚಿಕೊಂಡು ಇನ್ನೊಂದು ಅಂಕ ಕಳೆದಳು. ಕಣ್ಣು ಕಳೆದುಕೊಂಡ ಸೈನಿಕರಿಗೆ ಬಿಳಿಕೋಲಿನ ನಡಿಗೆ ಕಲಿಸುವವಳು ಅವಳು. ಇಂದು ಮೇಜರ್ ಒಬ್ಬರೇ ಟೀ ಅಂಗಡಿ ಮುಟ್ಟುವ ಪರೀಕ್ಷೆ. ತನ್ನ ಸದ್ದು ಅವರಿಗೆ ಆಸರೆಯಾಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು, ಕಾದ ರಸ್ತೆಯಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಾ ಹಿಂದೆ ಬರುತ್ತಿದ್ದಳು.

ಕೋಲು ಅಂಗಡಿಯ ಕಟ್ಟೆಗೆ ತಾಗಿತು. “ಎರಡು ಟೀ ಕೊಡಪ್ಪಾ,” ಎಂದ ಮೇಜರ್ ಹಿಂದೆ ತಿರುಗಿ ನಕ್ಕರು. “ಪಾಸಾ, ಟೀಚರಮ್ಮ?”

“ಮೂರು ಸಲ ಎಡಕ್ಕೆ ಹೋದ್ರಲ್ಲ ಸಾರ್! ನೇರ ನಡೀರಿ ಅಂತ ಎಷ್ಟು ಬಡ್ಕೊಂಡಿದ್ದೆ!”

“ನಿಮ್ಮ ಚಪ್ಪಲಿ ಸದ್ದು ಗೇಟಲ್ಲೇ ನಿಂತೋಯ್ತು. ಕೆನ್ನೆಗೆ ತಂಪು ತಾಗಿದ ಕಡೆಯೆಲ್ಲ ನೆರಳಿಗೆ ಸರ್ಕೊಂಡೆ. ಬರಿಗಾಲಲ್ಲಿ ಬರೋ ಮಗೂನ ಬಿಸಿಲಲ್ಲಿ ನಡೆಸಕ್ಕಾಗತ್ತೇನಮ್ಮಾ?”