ಅಳಿಸಿದ ಸಾಲು

ಫಿನಾಯಿಲ್ ವಾಸನೆ ಬಂದರೆ ಸಾಕು, ಚಿಕ್ಕಂದಿನಲ್ಲಿ ಅಮ್ಮ ಚರ್ಚಿನ ನೆಲ ಒರೆಸುತ್ತಿದ್ದುದು ಪಾದ್ರಿಗೆ ನೆನಪಾಗುತ್ತಿತ್ತು. ಈಗ ಆಸ್ಪತ್ರೆಯ ವಾರ್ಡಿನಲ್ಲೂ ಅದೇ ವಾಸನೆ. ಗಂಟಲಿನ ಆಪರೇಷನ್ನಿನಲ್ಲಿ ಹೋದ ಅವರ ದನಿ ಇನ್ನು ಮರಳುವುದಿಲ್ಲವಂತೆ. ಉಪದೇಶ ಮಾಡುವ ನನ್ನ ಕೆಲಸವನ್ನೇ ದೇವರು ಕಿತ್ತುಕೊಂಡನಲ್ಲ ಎಂಬ ಸಂಕಟ ಅವರಿಗೆ. ಆದರೂ ಕಾಲು ಕಳೆದುಕೊಂಡು, ನಿನ್ನೆಯಿಂದ ಊಟ ಮುಟ್ಟದೆ ಮಲಗಿದ್ದ ಪಕ್ಕದ ಹಾಸಿಗೆಯ ಲಾರಿ ಡ್ರೈವರನಿಗೆಂದು ಸ್ಲೇಟಿನಲ್ಲಿ ಬೈಬಲಿನ ವಾಕ್ಯವೊಂದನ್ನು ಬರೆಯತೊಡಗಿದರು.

“ಬೇಡ ಪಾದ್ರಿಗಳೇ. ಬಂದೋರೆಲ್ಲ ಬುದ್ಧಿ ಹೇಳೋರೇ. ದನಿ ಹೋದ್ರೂ ನಿಮ್ಮ ಪ್ರಸಂಗ ನಿಲ್ಲಲ್ವಾ?”

ಪಾದ್ರಿಗೆ ನಗು ಬಂತು. ಎಷ್ಟು ರೋಗಿಗಳ ಮಾತು ಮುಗಿಯುವ ಮೊದಲೇ ನಾನು ಪ್ರಾರ್ಥನೆ ಶುರುಮಾಡಿದ್ದೆನೋ! ಬರೆದ ಅರ್ಧ ಸಾಲನ್ನು ಅಂಗೈಯಿಂದ ಅಳಿಸಿ, ಸ್ಟೂಲ್ ಎಳೆದುಕೊಂಡು ಅವನ ಹತ್ತಿರ ಕೂತರು.

“ಮಗಳಿಗೆ ಸೈಕಲ್ ಕಲಿಸ್ತೀನಿ ಅಂದಿದ್ದೆ. ಇನ್ನು ಯಾವ ಕಾಲಲ್ಲಿ ಅವಳ ಹಿಂದೆ ಓಡಲಿ?” ಡ್ರೈವರ್ ಬಿಕ್ಕಿ ಬಿಕ್ಕಿ ಅತ್ತ. ಹೇಳುತ್ತಲೇ ಹೋದ. ಪಾದ್ರಿ ಅವನ ಕೈ ಬಿಡಲಿಲ್ಲ. ಇಷ್ಟು ವರ್ಷ ದೇವರ ಪರವಾಗಿ ಮಾತಾಡಿದ್ದೆ, ದೇವರ ಹಾಗೆ ಕೇಳಿಸಿಕೊಂಡದ್ದು ಇದೇ ಮೊದಲು ಅನ್ನಿಸಿತು ಅವರಿಗೆ.

“ಅಯ್ಯೋ, ಹಸಿವಾಗ್ತಿದೆಯಲ್ಲ!” ಎಂದ ಡ್ರೈವರ್, ತನಗೇ ಆಶ್ಚರ್ಯವಾದವನಂತೆ.

ಪಾದ್ರಿ ತಟ್ಟೆಯ ಮುಚ್ಚಳ ತೆಗೆದು, ಚಮಚ ಒರೆಸಿ ಅವನ ಕೈಗಿಟ್ಟರು.